ಯೂನಿಫಾರ್ಮ್ ಇರೋನಿಗೆ ಮುಖವಾಡ ಯಾಕೆ?

ಪ್ರಶ್ನೆ: ಸರ್, ಫ್ರೆಂಡ್ ಒಬ್ಬ ‘ದಿ ಬ್ಲ್ಯಾಕ್ ಹುಡ್’ ಅನ್ನೋ ಅಮೆರಿಕನ್ ಕಾಮಿಕ್ಸ್ ಕೊಟ್ಟಿದ್ದ, 2015ರದ್ದು. ಫಿಲಡೆಲ್ಫಿಯಾದ ಒಬ್ಬ ಪೊಲೀಸ್ ಮುಖವಾಡ ಹಾಕ್ಕೊಂಡು ಕ್ರಿಮಿನಲ್‌ಗಳ ಹಿಂದೆ ಬೀಳೋ ಕಥೆ. ನಮ್ಮಪ್ಪ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದವ್ರು, ಪುಸ್ತಕ ತಿರುವಿ ಹಾಕಿ ‘ಯೂನಿಫಾರ್ಮ್ ಇರೋನಿಗೆ ಮುಖವಾಡ ಯಾಕೋ, ಅದು ಬೇಕಾಗಿರೋದು ಕಳ್ಳನಿಗೆ’ ಅಂದ್ಬಿಟ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಇಂಥ ಕಥೆ ಯಾಕೆ ಹುಟ್ಕೊಳ್ತು? ಅದನ್ನ ತಂದಿರೋದು ಹೈಸ್ಕೂಲ್ ಹುಡುಗರ ತಮಾಷೆ ಕಥೆಗಳ ಆರ್ಚಿ ಕಾಮಿಕ್ಸ್‌ನವರೇ ಅಂತ ನೋಡಿ ಇನ್ನೂ ಆಶ್ಚರ್ಯ ಆಯ್ತು. ಇದೇ ಥರದ್ದು ಮುಂದೆ ಏನು ಓದ್ಬಹುದು?
ಒಬ್ಬ ಓದುಗ, ದಾವಣಗೆರೆ

ಉತ್ತರ: ನಿಮ್ಮ ತಂದೆಯವರು ಕೇಳಿದ್ದಾರಲ್ಲ, ಅದೇ ಈ ಥರದ ಕಥೆಗಳಿಗೆಲ್ಲ ಮೂಲ ಪ್ರಶ್ನೆ. ಬ್ಯಾಟ್‌ಮನ್‌ಗೆ ಮುಖವಾಡ ಯಾಕೆ ಅಂತ ಕೇಳಿದ್ರೆ ಥಟ್ ಅಂತ ಹೇಳ್ಬಹುದು, ಅವನು ಖಾಸಗಿ ಮನುಷ್ಯ, ಯಾರನ್ನೂ ಹಿಡಿಯೋ ಅಧಿಕಾರ ಅವನಿಗಿಲ್ಲ, ಗುರುತು ಸಿಕ್ಕಿದ್ರೆ ಅವನೇ ಒಳಗೆ ಹೋಗ್ತಾನೆ. ಪೊಲೀಸ್ ವಿಷಯ ಹಾಗಲ್ಲ. ಗನ್ ಇದೆ, ಬ್ಯಾಡ್ಜ್ ಇದೆ, ಅರೆಸ್ಟ್ ಮಾಡೋ ಪವರ್ ಇದೆ, ಹಿಂದೆ ಇಡೀ ಇಲಾಖೆನೇ ನಿಂತಿದೆ. ಅಷ್ಟೆಲ್ಲ ಇಟ್ಕೊಂಡಿರೋನು ಯಾಕೆ ಮುಖ ಮುಚ್ಕೊಳ್ತಾನೆ? ಈ ಕಾಮಿಕ್ಸ್‌ಗಳನ್ನ ವರ್ಷಾನುಗಟ್ಟಲೆ ಓದಿ ನನಗೆ ಅನ್ಸಿರೋದು ಇಷ್ಟು: ಅವನು ಬಚ್ಚಿಟ್ಕೊಳ್ತಿರೋದು ತನ್ನ ಸ್ಟೇಷನ್ನಿಂದ, ತನ್ನ ಹೆಸರಲ್ಲಿ ಬರೆಯೋ ರಿಪೋರ್ಟ್‌ನಿಂದ, ನಾಳೆ ಕೋರ್ಟಲ್ಲಿ ಲಾಯರ್ ಕೇಳೋ ಪ್ರಶ್ನೆಯಿಂದ. ಕಳ್ಳರ ವಿಷಯ ಆಮೇಲಿಂದು. ಇದನ್ನ ಮನಸ್ಸಲ್ಲಿಟ್ಕೊಂಡು ಓದಿದ್ರೆ ಯಾವ ಕಾಮಿಕ್ಸ್ ಗಟ್ಟಿ, ಯಾವುದು ಪೊಳ್ಳು ಅಂತ ತಾನಾಗೇ ಗೊತ್ತಾಗುತ್ತೆ.

ಮೊದಲು ಹುಟ್ಟಿದ್ದು ಹೇಗೆ ಅಂತ ನೋಡೋಣ. ನಿಮ್ಮ ಕೈಲಿರೋ ಬ್ಲ್ಯಾಕ್ ಹುಡ್ 2015ರಲ್ಲಿ ಹುಟ್ಟಿದವನಲ್ಲ, ಅವನಿಗೆ ಮುಕ್ಕಾಲು ಶತಮಾನದ ಇತಿಹಾಸ ಇದೆ. ಅವನಿಗಿಂತ ಒಂದು ವರ್ಷ ಮುಂಚೆ, 1939ರ ಆಗಸ್ಟ್ ತಿಂಗಳ ‘ಮಿಸ್ಟರಿ ಮೆನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಬ್ಲೂ ಬೀಟಲ್ ಬಂದಿದ್ದ. ಅವನ ನಿಜವಾದ ಹೆಸರು ಡ್ಯಾನ್ ಗ್ಯಾರೆಟ್, ಆಗಷ್ಟೇ ಕೆಲಸಕ್ಕೆ ಸೇರಿದ ಬೀಟ್ ಪೊಲೀಸ್. ಡ್ಯೂಟಿಲಿ ಸಾಮಾನ್ಯ ಕಾನ್‌ಸ್ಟೇಬಲ್, ಡ್ಯೂಟಿ ಮುಗಿದ್ಮೇಲೆ ನೀಲಿ ವೇಷದ ಬೀಟಲ್. 1940ರ ಅಕ್ಟೋಬರ್‌ನಲ್ಲಿ ‘ಟಾಪ್-ನಾಚ್ ಕಾಮಿಕ್ಸ್’ 9ನೇ ಸಂಚಿಕೆಯಲ್ಲಿ ಬ್ಲ್ಯಾಕ್ ಹುಡ್ ಬಂದ, 1942ರ ಏಪ್ರಿಲ್‌ನಲ್ಲಿ ‘ಸ್ಟಾರ್-ಸ್ಪ್ಯಾಂಗಲ್ಡ್ ಕಾಮಿಕ್ಸ್’ 7ನೇ ಸಂಚಿಕೆಯಲ್ಲಿ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಸೇರಿ ಗಾರ್ಡಿಯನ್‌ನ ತಂದ್ರು. ಮೂರು ವರ್ಷದೊಳಗೆ ಮೂರು ಮುಖವಾಡದ ಪೊಲೀಸರು, ಅದೂ ಬೇರೆಬೇರೆ ಕಂಪನಿಗಳಿಂದ. ಇದನ್ನ ಬರೀ ಕಾಕತಾಳೀಯ ಅಂತ ಹೇಳೋಕೆ ನನಗಾಗಲ್ಲ.

ಆ ಕಾಲದ ಅಮೆರಿಕದ ಓದುಗರ ಜಾಗದಲ್ಲಿ ನಿಂತು ನೋಡಿ. 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧ ಇತ್ತು, ಕಳ್ಳಭಟ್ಟಿ ದಂಧೆಯವರು ಊರೂರಲ್ಲಿ ಪೊಲೀಸರಿಗೆ ಮಾಮೂಲಿ ಕೊಟ್ಕೊಂಡು ರಾಜಾರೋಷವಾಗಿ ಬದುಕ್ತಿದ್ರು. ಇದು ಗುಟ್ಟೇನೂ ಆಗಿರ್ಲಿಲ್ಲ, ಮನೆಮನೆಯ ಮಾತಾಗಿತ್ತು. 1931ರಲ್ಲಿ ಸರ್ಕಾರವೇ ನೇಮಿಸಿದ ವಿಕರ್‌ಶ್ಯಾಮ್ ಕಮಿಷನ್ ಒಂದು ವರದಿ ಕೊಡ್ತು, ಅಮೆರಿಕದ ಪೊಲೀಸರು ತಪ್ಪೊಪ್ಪಿಗೆ ಪಡೆಯೋಕೆ ಹೊಡೀತಾರೆ, ನಿದ್ದೆಗೆಡಿಸ್ತಾರೆ, ಇದು ಅಲ್ಲೊಂದು ಇಲ್ಲೊಂದು ಘಟನೆ ಅಲ್ಲ, ದೇಶದ ಉದ್ದಗಲಕ್ಕೂ ಇದೆ ಅಂತ ಅದು ಹೇಳ್ತು. ಅಂದ್ರೆ 1939ರಲ್ಲಿ ಹತ್ತು ಸೆಂಟ್ ಕೊಟ್ಟು ಕಾಮಿಕ್ಸ್ ಕೊಳ್ಳೋ ಹುಡುಗನ ಮನೇಲಿ ಪೊಲೀಸ್ ಅಂದ್ರೆ ದೊಡ್ಡ ಗೌರವ ಏನೂ ಉಳಿದಿರ್ಲಿಲ್ಲ. ಆದ್ರೆ ಒಬ್ಬ ಒಳ್ಳೆ ಪೊಲೀಸ್ ಇರ್ಬೇಕು ಅನ್ನೋ ಆಸೆ ಇತ್ತು. ಆ ಒಳ್ಳೆಯವನು ಇಲಾಖೆ ಒಳಗೇ ಇದ್ಕೊಂಡು ಏನೂ ಮಾಡೋಕಾಗಲ್ಲ ಅನ್ನೋ ಅನುಭವನೂ ಇತ್ತು. ಆಸೆ ಮತ್ತು ಅನುಭವ ಎರಡನ್ನೂ ಒಟ್ಟಿಗೆ ಹೊಲಿಯೋ ದಾರ ಅಂದ್ರೆ ಈ ಮುಖವಾಡ.

ಮೂಲ ಬ್ಲ್ಯಾಕ್ ಹುಡ್ ಕಥೆ ನೋಡಿ, ಇದು ಸ್ಪಷ್ಟ ಆಗುತ್ತೆ. ಕಿಪ್ ಬರ್ಲ್ಯಾಂಡ್ ಅನ್ನೋ ಪ್ರಾಮಾಣಿಕ ಪೊಲೀಸ್. ಸ್ಕಲ್ ಅನ್ನೋ ಖಳನಾಯಕ ತಾನು ಮಾಡಿದ ಕಳ್ಳತನವನ್ನ ಇವನ ತಲೆಗೆ ಕಟ್ತಾನೆ, ಇಲಾಖೆ ಇವನನ್ನ ಹೊರಗೆ ಹಾಕುತ್ತೆ. ಆಮೇಲೆ ಸ್ಕಲ್ ಕಡೆಯವರು ಗುಂಡು ಹೊಡೆದು ಸತ್ತ ಅಂತ ಬಿಟ್ಟು ಹೋಗ್ತಾರೆ. ಕಾಡಲ್ಲಿದ್ದ ಒಬ್ಬ ಸನ್ಯಾಸಿಯಂಥ ಮುದುಕ ಇವನನ್ನ ಬದುಕಿಸ್ತಾನೆ, ಆ ಮುದುಕನೂ ಒಂದು ಕಾಲದಲ್ಲಿ ಶೆರಿಫ್ ಆಗಿದ್ದವನೇ, ಅವನಿಗೂ ಇದೇ ಗತಿ ಆಗಿರುತ್ತೆ. ಅವನು ಇವನಿಗೆ ದೇಹ, ಬುದ್ಧಿ ಎರಡಕ್ಕೂ ತರಬೇತಿ ಕೊಡ್ತಾನೆ, ಇವನು ಮುಖವಾಡ ಹಾಕ್ಕೊಂಡು ವಾಪಸ್ ಬರ್ತಾನೆ. ಇಲ್ಲಿ ಗಮನಿಸ್ಬೇಕಾದ್ದು ಕ್ರಮ. ಮೊದಲು ಬ್ಯಾಡ್ಜ್ ಹೋಯ್ತು, ಆಮೇಲೆ ಮುಖವಾಡ ಬಂತು. ಕಿತ್ಕೊಂಡಿದ್ದಕ್ಕೆ ಬದಲಿಯಾಗಿ ಬಂದಿದ್ದು ಅದು, ಹಾಗಾಗಿ ಓದುಗನಿಗೆ ಮನಸ್ಸಲ್ಲಿ ಯಾವ ಕಸಿವಿಸಿನೂ ಆಗಲ್ಲ.

ಗಾರ್ಡಿಯನ್ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ, ನನಗೆ ಆ ಮೂವರಲ್ಲಿ ಇವನೇ ಇಷ್ಟ. ಜಿಮ್ ಹಾರ್ಪರ್ ಸೂಯಿಸೈಡ್ ಸ್ಲಂ ಅನ್ನೋ ಬಡ ಏರಿಯಾದ ಬೀಟ್ ಪೊಲೀಸ್. ಡ್ಯೂಟಿ ಇಲ್ಲದ ಹೊತ್ತಲ್ಲಿ ರೌಡಿಗಳು ಅವನಿಗೆ ಹೊಡೀತಾರೆ, ಅವನು ವೇಷದ ಬಟ್ಟೆ ಮಾರೋ ಅಂಗಡಿಯಿಂದ ಒಂದು ನೀಲಿ ಡ್ರೆಸ್ಸು, ಹೆಲ್ಮೆಟ್ಟು, ಗುರಾಣಿ ತಗೊಂಡು ಅವ್ರ ಹಿಂದೆ ಹೋಗ್ತಾನೆ. ಇವನ ಬ್ಯಾಡ್ಜ್ ಯಾರೂ ಕಿತ್ಕೊಂಡಿಲ್ಲ, ಬೆಳಿಗ್ಗೆ ಮತ್ತೆ ಯೂನಿಫಾರ್ಮ್ ಹಾಕ್ಕೊಂಡು ಅದೇ ರಸ್ತೆಲಿ ಅದೇ ಬೀಟ್ ಹೊಡೀತಾನೆ. ಅದೇ ಏರಿಯಾದಲ್ಲಿ ಪೇಪರ್ ಮಾರೋ ನಾಲ್ಕು ಅನಾಥ ಹುಡುಗರಿದ್ದಾರೆ, ಅವ್ರನ್ನ ಬಾಲಾಪರಾಧಿಗಳ ಜೈಲಿಗೆ ಕಳಿಸೋದನ್ನ ತಪ್ಪಿಸೋಕೆ ಹಾರ್ಪರ್ ತಾನೇ ಕಾನೂನು ಪ್ರಕಾರ ಅವ್ರ ಜವಾಬ್ದಾರಿ ತಗೊಳ್ತಾನೆ. ಆ ಹುಡುಗರು ಪ್ರತಿ ಸಂಚಿಕೆಲೂ ‘ಗಾರ್ಡಿಯನ್ ನೀವೇ ತಾನೆ?’ ಅಂತ ಅನುಮಾನ ಪಡ್ತಾರೆ, ಇವನು ಜಾರ್ಕೊಳ್ತಾನೆ. ಮಕ್ಕಳ ಕಥೆ ಅಂತ ನಗ್ತಾ ಓದ್ಬಹುದು, ಆದ್ರೆ ನೋಡಿ, ಮಕ್ಕಳಿಗೆ ಒಳ್ಳೆ ದಾರಿ ತೋರಿಸ್ತೀನಿ ಅಂತ ಹೊರಟೋನು ದಿನಾ ಅದೇ ಮಕ್ಕಳ ಮುಂದೆ ಸುಳ್ಳು ಹೇಳ್ಬೇಕಾಗುತ್ತೆ. ಸೈಮನ್, ಕರ್ಬಿ ಇದನ್ನ ಬೇಕಂತಲೇ ಇಟ್ರೋ ಇಲ್ವೋ, ಕಥೆ ಒಳಗೆ ಅದು ಇದೆ.

ಇನ್ನು ಆರ್ಚಿ ವಿಷಯ. ಇದು ನಿಜವಾಗ್ಲೂ ಸ್ವಾರಸ್ಯದ ಕಥೆ, ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಆ ಕಂಪನಿಯ ಮೊದಲ ಹೆಸರು ಎಂಎಲ್‌ಜೆ, 1939ರಲ್ಲಿ ಮೂರು ಜನ ಸೇರಿ ಶುರು ಮಾಡಿದ್ದು, ಮಾರಿಸ್ ಕಾಯ್ನ್, ಲೂಯಿಸ್ ಸಿಲ್ಬರ್‌ಕ್ಲೈಟ್, ಜಾನ್ ಗೋಲ್ಡ್‌ವಾಟರ್. ಅವ್ರ ಹೆಸರಿನ ಮೊದಲ ಅಕ್ಷರಗಳೇ ಕಂಪನಿ ಹೆಸರಾಯ್ತು. ಶುರುಲಿ ಅವ್ರ ವ್ಯಾಪಾರ ಪೂರ್ತಿ ಮುಖವಾಡದ ಹೀರೋಗಳದ್ದೇ, ಬ್ಲ್ಯಾಕ್ ಹುಡ್ ಅದರಲ್ಲಿ ಎಷ್ಟು ಓಡ್ತಾ ಇದ್ದ ಅಂದ್ರೆ ಅವನ ಹೆಸರಲ್ಲಿ ಕಥಾಪತ್ರಿಕೆ ಬಂತು, 1943ರಲ್ಲಿ ರೇಡಿಯೋ ನಾಟಕನೂ ಬಂತು. ಈ ಮಧ್ಯೆ 1941ರ ಡಿಸೆಂಬರ್‌ನ ‘ಪೆಪ್ ಕಾಮಿಕ್ಸ್’ 22ನೇ ಸಂಚಿಕೆಲಿ ಸಂಚಿಕೆ ತುಂಬಿಸೋಕೆ ಅಂತ ಹಾಕಿದ ಕೆಂಪು ಕೂದಲ ಹೈಸ್ಕೂಲ್ ಹುಡುಗನೊಬ್ಬ ಇದ್ದ, ಅವನೇ ಆರ್ಚಿ. ಅವನು ಎಲ್ರನ್ನೂ ಮೀರಿಸಿ ಬೆಳೆದ, 1946ರಲ್ಲಿ ಕಂಪನಿ ಹೆಸರೇ ಆರ್ಚಿ ಆಯ್ತು. ಯುದ್ಧ ಮುಗಿದ್ಮೇಲೆ ವೇಷದ ಹೀರೋಗಳ ಮಾರ್ಕೆಟ್ಟೂ ಬಿತ್ತು, ಬ್ಲ್ಯಾಕ್ ಹುಡ್ ಮೂಲೆ ಸೇರಿದ, 1947ರ ಶುರುವಿಗೆ ಗಾರ್ಡಿಯನ್ ಕಥೆಯೂ ನಿಂತು ಹೋಯ್ತು.

ಹೀರೋಗಳು ಹೋದ ಜಾಗಕ್ಕೆ ಬಂದಿದ್ದು ಅಪ್ಪಟ ಕ್ರೈಂ ಕಾಮಿಕ್ಸ್, ಅಂದ್ರೆ ಗ್ಯಾಂಗ್‌ಸ್ಟರ್‌ಗಳ ಕಥೆ, ಕೊಲೆ, ದರೋಡೆ, ರಕ್ತ. 1942ರಿಂದಲೇ ಬರ್ತಿದ್ದ ‘ಕ್ರೈಂ ಡಸ್ ನಾಟ್ ಪೇ’ ಇದರ ಮುಂದಾಳು. ತಂದೆತಾಯಂದಿರಿಗೆ ಸಿಟ್ಟು ಬಂತು, ಫ್ರೆಡ್ರಿಕ್ ವರ್ಥಮ್ ಅನ್ನೋ ಮನೋವೈದ್ಯರು ಮಕ್ಕಳು ಕೆಡೋದಕ್ಕೆ ಕಾಮಿಕ್ಸೇ ಕಾರಣ ಅಂತ 1954ರಲ್ಲಿ ಪುಸ್ತಕ ಬರೆದ್ರು, ಅದೇ ವರ್ಷ ಅಮೆರಿಕದ ಸೆನೆಟ್ ಉಪಸಮಿತಿ ನ್ಯೂಯಾರ್ಕಲ್ಲಿ ವಿಚಾರಣೆ ನಡೆಸ್ತು. ಸರ್ಕಾರ ಕಾನೂನು ತರೋ ಮುಂಚೆ ನಾವೇ ಬೇಲಿ ಹಾಕ್ಕೊಳ್ಳೋಣ ಅಂತ ಪ್ರಕಾಶಕರೆಲ್ಲ ಸೇರಿ ಸಂಘ ಮಾಡ್ಕೊಂಡ್ರು, ಕಾಮಿಕ್ಸ್ ಕೋಡ್ ಅಂತ ನಿಯಮಾವಳಿ ತಂದ್ರು. ಆ ಸಂಘದ ಅಧ್ಯಕ್ಷ ಯಾರು ಗೊತ್ತಾ? ಜಾನ್ ಗೋಲ್ಡ್‌ವಾಟರ್, ಬ್ಲ್ಯಾಕ್ ಹುಡ್ ತಂದಿದ್ದ ಅದೇ ಕಂಪನಿಯ ಗೋಲ್ಡ್‌ವಾಟರ್.

ಆ ಕೋಡ್ ಎಷ್ಟು ಬಿಗಿ ಅನ್ನೋಕೆ ಎರಡು ನಿಯಮ ಹೇಳ್ತೀನಿ. ಒಂದು, ಮುಖಪುಟದಲ್ಲಿ ‘ಕ್ರೈಂ’ ಅನ್ನೋ ಪದ ಶೀರ್ಷಿಕೆಯ ಬೇರೆ ಪದಗಳಿಗಿಂತ ಎದ್ದು ಕಾಣೋ ಹಾಗೆ ದೊಡ್ಡದಾಗಿ ಇರೋ ಹಾಗಿಲ್ಲ, ಅದೊಂದೇ ಪದ ಒಂಟಿಯಾಗಿ ಬರೋ ಹಾಗೂ ಇಲ್ಲ. ಎರಡನೇದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟಿದ್ದು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳು, ಇವ್ರನ್ನ ಅಧಿಕಾರದ ಬಗ್ಗೆ ಅಗೌರವ ಹುಟ್ಟೋ ಥರ ಯಾವತ್ತೂ ತೋರಿಸ್ಬಾರ್ದು. ಈ ಒಂದು ಸಾಲು ಬಂದ ಮೇಲೆ ಮುಖವಾಡದ ಪೊಲೀಸ್ ಕಥೆಗೆ ಉಸಿರಾಡೋಕೆ ಜಾಗ ಎಲ್ಲಿದೆ ಹೇಳಿ. ಇಲಾಖೆ ಸರಿ ಇದ್ರೆ ಅವನಿಗೆ ಮುಖವಾಡ ಬೇಕಿಲ್ಲ, ಸರಿ ಇಲ್ಲ ಅಂತ ತೋರಿಸೋ ಹಾಗಿಲ್ಲ. ಅವನು ಮುಖವಾಡ ಹಾಕೋದೇ ಇಲಾಖೆ ಮೇಲೆ ಒಂದು ಟೀಕೆ ಆಗ್ಬಿಡುತ್ತೆ. ಈ ಕಾಲದಲ್ಲಿ ಏನಾಯ್ತು ಅನ್ನೋಕೆ ಬ್ಲೂ ಬೀಟಲ್ ಒಳ್ಳೆ ಉದಾಹರಣೆ. 1964ರಲ್ಲಿ ಚಾರ್ಲ್‌ಟನ್ ಕಂಪನಿ ಅವನನ್ನ ಮತ್ತೆ ತಂದಾಗ ಡ್ಯಾನ್ ಗ್ಯಾರೆಟ್ ಅನ್ನೋ ಹೆಸರು ಉಳಿಸ್ಕೊಂಡ್ರು, ಪೊಲೀಸ್ ಕೆಲಸ ತೆಗೆದು ಅವನನ್ನ ಪುರಾತತ್ವ ಶಾಸ್ತ್ರಜ್ಞ ಮಾಡಿದ್ರು. ಕೋಡ್‌ಗೆ ಹೆದರಿಯೇ ಹಾಗೆ ಮಾಡಿದ್ರು ಅಂತ ನಾನು ಹೇಳ್ತಿಲ್ಲ, ಆದ್ರೆ ಪೊಲೀಸ್ ಹೋಗಿ ಪುರಾತತ್ವ ಬಂದಿದ್ದು ಆ ಕಾಲದ ಗಾಳಿ ಯಾವ ಕಡೆ ಬೀಸ್ತಿತ್ತು ಅಂತ ತೋರಿಸುತ್ತೆ.

1971ರಲ್ಲಿ ಕೋಡ್ ಸ್ವಲ್ಪ ಸಡಿಲ ಆಯ್ತು, ಪೊಲೀಸ್ ತಪ್ಪು ಮಾಡೋದನ್ನ ತೋರಿಸ್ಬಹುದು, ಆದ್ರೆ ಅದು ಅಪರೂಪದ ಪ್ರಕರಣ ಅಂತ ಹೇಳ್ಬೇಕು, ತಪ್ಪು ಮಾಡಿದವನಿಗೆ ಕಾನೂನು ಪ್ರಕಾರ ಶಿಕ್ಷೆ ಆಗ್ಬೇಕು. ಆಮೇಲೆ ಒಂದೊಂದೇ ಕಂಪನಿ ಕೋಡ್ ಬಿಡ್ತಾ ಬಂತು, 2011ರಲ್ಲಿ ಕೊನೆಯದಾಗಿ ಬಿಟ್ಟಿದ್ದು ಆರ್ಚಿನೇ. ಅದಾಗಿ ನಾಲ್ಕು ವರ್ಷಕ್ಕೆ ಅದೇ ಆರ್ಚಿ ಕಂಪನಿ ‘ಡಾರ್ಕ್ ಸರ್ಕಲ್’ ಅನ್ನೋ ಹೊಸ ಹೆಸರಲ್ಲಿ ದೊಡ್ಡವರಿಗೆ ಮಾತ್ರ ಅಂತ ಮುದ್ರೆ ಹಾಕಿ ನಿಮ್ಮ ಕೈಲಿರೋ ಪುಸ್ತಕ ತಂತು. ನಿಮಗೆ ಆಶ್ಚರ್ಯ ಆಗಿದ್ದು ಸಹಜ, ಆದ್ರೆ ಮೂಲ ಬ್ಲ್ಯಾಕ್ ಹುಡ್ ಆರ್ಚಿಗಿಂತ ಒಂದು ವರ್ಷಕ್ಕೂ ಹೆಚ್ಚು ದೊಡ್ಡವನು, ಆ ಮನೆಯ ಹಿರಿಮಗ ಅಂದ್ರೂ ನಡೆಯುತ್ತೆ.

ಈಗ ಆ ಪುಸ್ತಕಕ್ಕೇ ಬರೋಣ. ಬರೆದವರು ಡ್ವೇನ್ ಸ್ವಿರ್ಜಿನ್‌ಸ್ಕಿ, ಫಿಲಡೆಲ್ಫಿಯಾದಲ್ಲೇ ಹುಟ್ಟಿ ಬೆಳೆದ ಕ್ರೈಂ ಕಾದಂಬರಿಕಾರ, ಅಲ್ಲಿನ ಪತ್ರಿಕೆಲಿ ಸಂಪಾದಕರಾಗಿ ಕೂಡ ಇದ್ದವರು. ಊರು ಗೊತ್ತಿರೋರ ಬರವಣಿಗೆ ಅದು, ಕಥೆಲಿ ಬರೋ ರಸ್ತೆ, ಗಲ್ಲಿ ಎಲ್ಲ ನಡೆದಾಡಿದವರು ಬರೆದ ಹಾಗಿದೆ. ಚಿತ್ರ ಮೈಕೆಲ್ ಗೇಡೋಸ್ ಅವರದ್ದು, ‘ಏಲಿಯಾಸ್’ ಅನ್ನೋ ಪತ್ತೇದಾರಿ ಕಾಮಿಕ್ಸ್‌ಗೆ ಚಿತ್ರ ಬರೆದು ಹೆಸರು ಮಾಡಿದವರು. ಕಪ್ಪು ಶಾಯಿ ಗಟ್ಟಿಯಾಗಿ ಬಳಸ್ತಾರೆ, ಮುಖಗಳು ನಿಜವಾದ ಮನುಷ್ಯರ ಮುಖದ ಥರ ದಣಿದಿರ್ತಾವೆ, ಸೂಪರ್‌ಹೀರೋ ಕಟ್ಟುಮಸ್ತು ಮೈ ಎಲ್ಲೂ ಕಾಣಲ್ಲ.

ಕಥೆಯ ಶುರು ಎಷ್ಟು ಗಟ್ಟಿಯಾಗಿದೆ ಅಂದ್ರೆ, ಉಳಿದ ಎಲ್ಲ ಅದರಿಂದಲೇ ಹುಟ್ಟುತ್ತೆ. ಗ್ರೆಗ್ ಹೆಟಿಂಗರ್ ಅನ್ನೋ ಪೊಲೀಸ್‌ಗೆ ಒಂದು ಗುಂಡಿನ ಚಕಮಕಿಯಲ್ಲಿ ಮುಖಕ್ಕೇ ಏಟು ಬೀಳುತ್ತೆ. ಬೀಳೋ ಹೊತ್ತಲ್ಲಿ ಅವನೂ ಗುಂಡು ಹಾರಿಸ್ತಾನೆ. ಆಸ್ಪತ್ರೆಲಿ ಎಚ್ಚರ ಆದ್ಮೇಲೆ ಗೊತ್ತಾಗುತ್ತೆ, ತನ್ನ ಗುಂಡಿಗೆ ಸತ್ತಿದ್ದು ಊರಲ್ಲಿ ಓಡಾಡ್ತಿದ್ದ ಬ್ಲ್ಯಾಕ್ ಹುಡ್ ಅನ್ನೋ ಮುಖವಾಡದವನು ಅಂತ. ಜನ ಇವನನ್ನ ಹೀರೋ ಅಂತಾರೆ. ಮುಖ ವಿಕಾರ ಆಗಿದೆ, ಮಾತು ಸರಿಯಾಗಿ ಹೊರಡಲ್ಲ, ಸ್ಪೀಚ್ ಥೆರಪಿಗೆ ಹೋಗ್ಬೇಕು, ನೋವಿಗೆ ಅಂತ ಕೊಟ್ಟ ಮಾತ್ರೆಗೆ ಅಡಿಕ್ಟ್ ಆಗ್ತಾನೆ. ಕೊನೆಗೆ ತಾನೇ ಕೊಂದವನ ಮುಖವಾಡ ತಾನೇ ಹಾಕ್ಕೊಳ್ತಾನೆ.

ಇಲ್ಲಿ ಸ್ವಲ್ಪ ನಿಲ್ಲಿ. 1940ರ ಕಿಪ್‌ಗೆ ಬ್ಯಾಡ್ಜ್ ಹೋದ್ಮೇಲೆ ಮುಖವಾಡ ಬಂತು. 1942ರ ಹಾರ್ಪರ್ ಹತ್ರ ಎರಡೂ ಇತ್ತು, ಆದ್ರೆ ಮನಸ್ಸು ಶುದ್ಧ ಇತ್ತು. 2015ರ ಗ್ರೆಗ್ ಹತ್ರ ಎರಡೂ ಇದೆ, ಮನಸ್ಸು ಮಾತ್ರ ಹಾಳಾಗಿದೆ. ಅವನಿಗೆ ಮುಖವಾಡ ಮೊದಲು ಉಪಯೋಗ ಆಗೋದು ಸೀಳಿಹೋದ ಮುಖ ಮುಚ್ಕೊಳ್ಳೋಕೆ, ಆಮೇಲೆ ಚಟ ಮುಚ್ಕೊಳ್ಳೋಕೆ, ಎಲ್ಲ ಆದ್ಮೇಲೆ ನ್ಯಾಯದ ಮಾತು. ಚಿತ್ರಗಳಲ್ಲಿ ಇನ್ನೊಂದು ವಿಷಯ ನೋಡಿ. ಅವನ ಮನಸ್ಸಿನ ಮಾತು ಚೌಕಗಳಲ್ಲಿ ಧಾರಾಳವಾಗಿ ಹರೀತಾ ಇರುತ್ತೆ, ಬಾಯಿಂದ ಬರೋ ಮಾತು ಮಾತ್ರ ಕಡಿಮೆ, ಕಷ್ಟದ್ದು. ಓದೋ ನಮಗೆ ಅವನ ಸಮರ್ಥನೆ ಎಲ್ಲ ಕೇಳಿಸುತ್ತೆ, ಆದ್ರೆ ಕಥೆ ಒಳಗಿನ ಜನರಿಗೆ ಅವನು ಏನೂ ಹೇಳೋಕಾಗಲ್ಲ. ತನಗೆ ತಾನೇ ಹೇಳ್ಕೊಳ್ಳೋ ಕಾರಣಗಳು ಯಾವಾಗ್ಲೂ ಸರಾಗವಾಗೇ ಇರ್ತಾವೆ, ಬೇರೆಯವ್ರ ಎದುರು ನಿಂತು ಹೇಳ್ಬೇಕಾದಾಗ ತಾನೆ ನಾಲಿಗೆ ತಡವರಿಸೋದು. ಕಾಮಿಕ್ಸ್ ಅನ್ನೋ ಮಾಧ್ಯಮಕ್ಕೆ ಮಾತ್ರ ಸಾಧ್ಯವಾದ ಕಸುಬು ಇದು, ಸಿನಿಮಾದಲ್ಲಿ ಇದನ್ನ ಇಷ್ಟು ಸಲೀಸಾಗಿ ಮಾಡೋದು ಕಷ್ಟ.

ಪುಸ್ತಕ ಬಂದ ಹೊತ್ತೂ ಮುಖ್ಯ. 2014ರ ಆಗಸ್ಟಲ್ಲಿ ಅಮೆರಿಕದ ಫರ್ಗುಸನ್ ಅನ್ನೋ ಊರಲ್ಲಿ ಪೊಲೀಸ್ ಗುಂಡಿಗೆ ಒಬ್ಬ ಕರಿಯ ಯುವಕ ಸತ್ತು ಇಡೀ ಅಮೆರಿಕ ಹೊತ್ತಿ ಉರೀತಾ ಇತ್ತು. ಬ್ಲ್ಯಾಕ್ ಹುಡ್ ಮೊದಲ ಸಂಚಿಕೆ 2015ರ ಫೆಬ್ರವರಿಲಿ ಬಂತು, ಅದರ ಮುಂದಿನ ತಿಂಗಳೇ ಅಮೆರಿಕದ ನ್ಯಾಯ ಇಲಾಖೆ ಫಿಲಡೆಲ್ಫಿಯಾ ಪೊಲೀಸರ ಗುಂಡು ಹಾರಿಕೆ ಬಗ್ಗೆ ವರದಿ ಕೊಡ್ತು, 2007ರಿಂದ 2014ರವರೆಗೆ ಸುಮಾರು 400 ಪ್ರಕರಣ, ಸುಧಾರಣೆಗೆ 91 ಶಿಫಾರಸು. ಪೊಲೀಸ್ ಗುಂಡು ಹಾರಿಸಿದ, ಒಬ್ಬ ಸತ್ತ, ಹಾರಿಸಿದವನನ್ನ ಹೀರೋ ಅಂದ್ರು, ಅಲ್ಲಿಂದಲೇ ಶುರುವಾಗೋ ಕಥೆ ಅದೇ ಊರಲ್ಲಿ, ಅದೇ ಹೊತ್ತಲ್ಲಿ ಬಂದ್ರೆ ಅದನ್ನ ಬರೀ ಮಸಾಲೆ ಕಥೆ ಅಂತ ಓದೋಕಾಗಲ್ಲ.

ಇನ್ನು ನಿಮ್ಮ ತಂದೆಯವರಿಗೆ ಖುಷಿ ಆಗೋ ಕಾನೂನಿನ ವಿಷಯ. ಅಮೆರಿಕನ್ ಕಥೆಗಳಲ್ಲಿ ಪೊಲೀಸ್ ದಾರಿ ತಪ್ಪೋಕೆ ಒಂದು ಮಾಮೂಲಿ ಕಾರಣ ಕೊಡ್ತಾರೆ, ಸಾಕ್ಷ್ಯ ಇತ್ತು, ಆದ್ರೆ ಸರ್ಚ್ ಸರಿಯಾಗಿ ಮಾಡಿಲ್ಲ ಅಂತ ಜಡ್ಜ್ ಬಿಸಾಕಿದ್ರು, ಕ್ರಿಮಿನಲ್ ನಗ್ತಾ ಹೊರಗೆ ಬಂದ ಅಂತ. ಇದಕ್ಕೆ ಅಲ್ಲಿ ನಿಜವಾದ ಆಧಾರ ಇದೆ. 1961ರ ಮ್ಯಾಪ್ ವಿರುದ್ಧ ಓಹಾಯೊ ತೀರ್ಪಿನ ನಂತರ ಕಾನೂನು ಮೀರಿ ವಶಪಡಿಸ್ಕೊಂಡ ಸಾಕ್ಷ್ಯ ಅಲ್ಲಿನ ರಾಜ್ಯಗಳ ಕೋರ್ಟಲ್ಲೂ ನಡೆಯಲ್ಲ, 1966ರ ಮಿರಾಂಡಾ ತೀರ್ಪಿನ ನಂತರ ಹಿಡಿದವನಿಗೆ ಅವನ ಹಕ್ಕು ಹೇಳದೇ ಪಡೆದ ಹೇಳಿಕೆನೂ ನಡೆಯಲ್ಲ. ಆದ್ರೆ ಖಾಸಗಿ ವ್ಯಕ್ತಿ ತಾನಾಗೇ ಕದ್ದು ತಂದು ಕೊಟ್ಟ ಕಾಗದವನ್ನ ಸರ್ಕಾರ ಬಳಸ್ಕೊಳ್ಬಹುದು ಅಂತ 1921ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ಮುಖವಾಡದ ಆಸೆ ಎಲ್ಲಿಂದ ಬರುತ್ತೆ ಈಗ ಗೊತ್ತಾಯ್ತಾ, ನಾನು ಈಗ ಪೊಲೀಸ್ ಅಲ್ಲ ಅಂತ ಹೇಳ್ಕೊಂಡ್ರೆ ಆ ನಿಯಮ ನನಗೆ ತಗಲಲ್ಲ ಅನ್ನೋ ಲೆಕ್ಕ. ಆದ್ರೆ ಲೆಕ್ಕ ತಪ್ಪು. ಪೊಲೀಸ್ ಕೆಲಸವನ್ನೇ ಪೊಲೀಸ್ ಮುಖ ಮುಚ್ಕೊಂಡು ಮಾಡಿದ್ರೆ ಅವನು ಖಾಸಗಿ ಮನುಷ್ಯ ಆಗ್ಬಿಡಲ್ಲ. ನಿಜವಾದ ಕೋರ್ಟಲ್ಲಿ ಗುಟ್ಟು ರಟ್ಟಾದ ದಿನ ಅವನು ಹಿಡಿದುಕೊಟ್ಟ ಕೇಸುಗಳೆಲ್ಲ ಒಂದರ ಹಿಂದೆ ಒಂದು ಅಲ್ಲಾಡೋಕೆ ಶುರು ಆಗ್ತಾವೆ, ಹಗಲು ಹೊತ್ತಲ್ಲಿ ಯೂನಿಫಾರ್ಮಲ್ಲಿ ಸರಿಯಾಗಿ ಮಾಡಿದ ಕೇಸುಗಳೂ ಸೇರಿ.

ನಮ್ಮಲ್ಲಿ ಕಾನೂನು ಬೇರೆ ಥರ ಇದೆ. ಸರ್ಚ್ ಅಕ್ರಮ ಅಂದ ಮಾತ್ರಕ್ಕೆ ಸಿಕ್ಕಿದ ವಸ್ತು ಸಾಕ್ಷ್ಯ ಅಲ್ಲ ಅಂತ ಆಗಲ್ಲ, 1974ರ ಪೂರನ್ ಮಲ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೀಗೇ ಹೇಳಿದೆ. ಆದ್ರೆ ಪೊಲೀಸ್ ಅಧಿಕಾರಿ ಮುಂದೆ ಒಪ್ಪಿಕೊಂಡ ತಪ್ಪೊಪ್ಪಿಗೆ ನಡೆಯೋದೇ ಇಲ್ಲ, ಹಳೇ ಎವಿಡೆನ್ಸ್ ಆಕ್ಟ್‌ನ 25ನೇ ಸೆಕ್ಷನ್, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23. ಹಾಗಾಗಿ ಅಮೆರಿಕನ್ ಕಥೆಯ ಕಾರಣವನ್ನ ಹಾಗೇ ಎತ್ಕೊಂಡು ಬಂದು ಇಲ್ಲಿ ಇಟ್ರೆ ಕಾಲೂರಲ್ಲ. ಇನ್ನೊಂದು ಮುಖ್ಯವಾದ್ದು, ನಿಮ್ಮ ತಂದೆಯವರಿಗೆ ಇದು ಸರ್ವಿಸ್‌ನಲ್ಲಿದ್ದಾಗ ಸರ್ಕ್ಯುಲರ್ ಆಗಿ ಬಂದಿರ್ಬಹುದು. 1996ರ ಡಿ.ಕೆ. ಬಸು ತೀರ್ಪಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳಲ್ಲಿ ಮೊದಲನೇದೇ ಇದು: ಅರೆಸ್ಟ್ ಮಾಡೋ, ವಿಚಾರಣೆ ಮಾಡೋ ಪೊಲೀಸರು ಸ್ಪಷ್ಟವಾಗಿ ಕಾಣೋ ಹಾಗೆ ಗುರುತು ಮತ್ತು ಹೆಸರಿನ ಪಟ್ಟಿ ಹಾಕ್ಕೊಂಡಿರ್ಬೇಕು. ಎದೆ ಮೇಲಿನ ನೇಮ್ ಪ್ಲೇಟ್ ಇರೋದು ಅಲಂಕಾರಕ್ಕಲ್ಲ. ಯಾರು ಹಿಡಿದ್ರು, ಎಷ್ಟು ಹೊತ್ತಿಗೆ ಹಿಡಿದ್ರು, ಎಲ್ಲಿಗೆ ಕರ್ಕೊಂಡು ಹೋದ್ರು ಅಂತ ಹಿಡಿಸ್ಕೊಂಡವನ ಮನೆಯವ್ರು ಕೇಳೋಕೆ ಇರೋ ಮೊದಲ ಹಿಡಿಕೆ ಅದು. ಮಫ್ತಿಲಿ ಹೋಗೋ ಪೊಲೀಸ್‌ಗೂ ಮುಖವಾಡದ ಪೊಲೀಸ್‌ಗೂ ಇರೋ ವ್ಯತ್ಯಾಸ ಇದೇ. ಮಫ್ತಿಯವನು ಹೋಗಿದ್ದು ಸ್ಟೇಷನ್ ಡೈರಿಲಿ ಇರುತ್ತೆ, ಹಿಡಿದ್ಮೇಲೆ ಮಹಜರಿಗೆ, ಪಂಚರ ಮುಂದೆ, ಅವನ ಹೆಸರಲ್ಲೇ ಸಹಿ ಬೀಳುತ್ತೆ. ಮುಖವಾಡದವನದ್ದು ಯಾವ ಪುಸ್ತಕದಲ್ಲೂ ಇರಲ್ಲ.

ಹಾಗಂತ ಜನಕ್ಕೆ ಇಂಥವನು ಯಾಕೆ ಇಷ್ಟ ಆಗ್ತಾನೆ ಅನ್ನೋದನ್ನ ತಳ್ಳಿ ಹಾಕೋಕಾಗಲ್ಲ. ಕೇಸು ವರ್ಷಗಟ್ಟಲೆ ಎಳೆಯುತ್ತೆ, ಸಾಕ್ಷಿಗಳು ತಿರುಗಿ ಬೀಳ್ತಾರೆ, ದುಡ್ಡಿದ್ದವನು ಬೇಲ್ ತಗೊಂಡು ಹೋಗ್ತಾನೆ, ಆ ಸಂಕಟ ನಿಜ. 2019ರ ಡಿಸೆಂಬರಲ್ಲಿ ಹೈದರಾಬಾದ್ ಹತ್ರ ಒಬ್ಬ ಹೆಣ್ಣುಮಗಳ ಅತ್ಯಾಚಾರ, ಕೊಲೆ ಕೇಸಿನ ನಾಲ್ಕು ಆರೋಪಿಗಳನ್ನ ಪೊಲೀಸರು ಎನ್‌ಕೌಂಟರ್ ಮಾಡಿದಾಗ ಜನ ಪೊಲೀಸರ ಮೇಲೆ ಹೂವು ಎರಚಿದ್ರು. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ 2022ರಲ್ಲಿ, ಕೊಲ್ಲೋ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ ಅಂತ ಹೇಳ್ತು. ಹೂವು ಎರಚಿದವರನ್ನ ಬೈಯೋಕೆ ನನಗೆ ಮನಸ್ಸಿಲ್ಲ, ಅವ್ರ ಸಿಟ್ಟಿಗೆ ಕಾರಣ ಇತ್ತು. ಆದ್ರೆ ಆ ನಾಲ್ಕು ಜನ ಮಾಡಿದ್ರಾ ಇಲ್ವಾ ಅಂತ ಕೋರ್ಟಲ್ಲಿ ತೀರ್ಮಾನ ಆಗೋ ಅವಕಾಶ ಅಲ್ಲಿಗೇ ಮುಗಿದು ಹೋಯ್ತು, ಸತ್ತ ಹೆಣ್ಣುಮಗಳ ಕಡೆಗೂ ಆ ಸತ್ಯ ಸಿಗಬೇಕಿತ್ತಲ್ವಾ. ಒಳ್ಳೆ ಕ್ರೈಂ ಕಾಮಿಕ್ಸ್ ನಮ್ಮ ಆ ಸಿಟ್ಟನ್ನ ಗೌರವದಿಂದ ಎತ್ಕೊಂಡು, ಆಮೇಲೆ ಅದರ ಬೆಲೆ ಏನು ಅಂತಾನೂ ತೋರಿಸುತ್ತೆ. ಕೆಟ್ಟ ಕಾಮಿಕ್ಸ್ ಹೂವು ಎರಚಿ ಅಲ್ಲಿಗೇ ನಿಲ್ಸುತ್ತೆ.

ಅಮೆರಿಕದಲ್ಲಿ ಇದರದ್ದೇ ಇನ್ನೊಂದು ಮುಖ ಕಂಡಿದೆ. ಪನಿಶರ್ ಅನ್ನೋ ಮಾರ್ವೆಲ್ ಪಾತ್ರ, ಅವನು ಪೊಲೀಸ್ ಅಲ್ಲ, ಹೆಂಡತಿ ಮಕ್ಕಳನ್ನ ಕಳ್ಕೊಂಡು ಕ್ರಿಮಿನಲ್‌ಗಳನ್ನ ಕೊಲ್ತಾ ಹೋಗೋ ಮಾಜಿ ಸೈನಿಕ. ಅವನ ಎದೆ ಮೇಲಿನ ತಲೆಬುರುಡೆ ಗುರುತನ್ನ ನಿಜವಾದ ಪೊಲೀಸರೇ ತಮ್ಮ ಗಾಡಿಗಳಿಗೆ ಅಂಟಿಸ್ಕೊಳ್ಳೋಕೆ ಶುರು ಮಾಡಿದ್ರು, 2017ರಲ್ಲಿ ಕೆಂಟಕಿಯ ಒಂದು ಸಣ್ಣ ಊರಲ್ಲಿ ಇಲಾಖೆ ಕಾರುಗಳ ಮೇಲೇ ಬಂತು, ಜನ ಪ್ರಶ್ನೆ ಮಾಡಿದ್ಮೇಲೆ ತೆಗೆದ್ರು. ಆ ಪಾತ್ರ ಸೃಷ್ಟಿಸಿದವರಲ್ಲಿ ಒಬ್ಬರಾದ ಜೆರ್ರಿ ಕಾನ್ವೇ ಇದನ್ನ ಬಹಿರಂಗವಾಗಿ ವಿರೋಧಿಸಿದ್ರು. 2019ರ ಒಂದು ಸಂಚಿಕೆಲಿ ಪನಿಶರ್‌ನೇ ಅಂಥ ಸ್ಟಿಕ್ಕರ್ ಹರಿದು ಹಾಕಿ, ನೀವು ಕಾನೂನು ಕಾಯ್ತೀವಿ ಅಂತ ಪ್ರಮಾಣ ಮಾಡಿದವರು, ನಾವಿಬ್ರೂ ಒಂದೇ ಅಲ್ಲ ಅಂತ ಪೊಲೀಸರಿಗೆ ಹೇಳ್ತಾನೆ. ನಿಮ್ಮ ತಂದೆಯವರ ಮಾತನ್ನ ಆ ಪಾತ್ರದ ಬಾಯಲ್ಲೇ ಕೇಳಿದ ಹಾಗೆ ಆಯ್ತು ನನಗೆ.

ಮುಂದೆ ಏನು ಓದ್ಬೇಕು ಅಂದ್ರೆ, ಮೊದಲು ಬ್ಲ್ಯಾಕ್ ಹುಡ್‌ನ ಮೊದಲ ಸಂಪುಟ ‘ದಿ ಬುಲೆಟ್ಸ್ ಕಿಸ್’ ಪೂರ್ತಿ ಮುಗಿಸಿ, ಅರ್ಧಕ್ಕೆ ಬಿಡ್ಬೇಡಿ. ಮನೇಲಿ ಹೈಸ್ಕೂಲ್ ಮಕ್ಕಳಿದ್ರೆ ಅವ್ರ ಕೈಗೆ ಕೊಡ್ಬೇಡಿ, ಮಾತ್ರೆ ಚಟದ ದೃಶ್ಯ, ಹಿಂಸೆ, ಭಾಷೆ ಎಲ್ಲ ದೊಡ್ಡವರಿಗೆ ಬರೆದದ್ದು.

ಆಮೇಲೆ ‘ವಾಚ್‌ಮೆನ್’, ಆಲನ್ ಮೂರ್ ಬರೆದು ಡೇವ್ ಗಿಬನ್ಸ್ ಚಿತ್ರಿಸಿದ್ದು, 1986-87ರಲ್ಲಿ 12 ಸಂಚಿಕೆಯಾಗಿ ಬಂದಿದ್ದು. ಅದರ ಪಾತ್ರಗಳು ಚಾರ್ಲ್‌ಟನ್ ಕಂಪನಿಯ ಹೀರೋಗಳ ಮಾದರಿ ಮೇಲೆ ಕಟ್ಟಿದ್ದು, ಅದರಲ್ಲಿ ಬರೋ ಮೊದಲ ನೈಟ್ ಔಲ್ ಅಂದ್ರೆ ಹಾಲಿಸ್ ಮೇಸನ್ ನಮ್ಮ ಹಳೇ ಬ್ಲೂ ಬೀಟಲ್‌ನ ನೆರಳು. 1938ರಲ್ಲಿ ನ್ಯೂಯಾರ್ಕ್ ಪೊಲೀಸ್ ಸೇರಿ, ಮರುವರ್ಷ ಮುಖವಾಡ ಹಾಕ್ಕೊಂಡವನು. ಅಂದ್ರೆ 1964ರಲ್ಲಿ ಚಾರ್ಲ್‌ಟನ್ ಕಿತ್ತು ಹಾಕಿದ ಪೊಲೀಸ್ ಕೆಲಸವನ್ನ ಮೂರ್ ವಾಪಸ್ ಕೊಟ್ರು. ಅಧ್ಯಾಯಗಳ ಕೊನೇಲಿ ಬರೋ ಮೇಸನ್‌ನ ಆತ್ಮಕಥೆ ಭಾಗಗಳನ್ನ ತುಂಬಾ ಜನ ಹಾರಿಸ್ಕೊಂಡು ಹೋಗ್ತಾರೆ, ದಯವಿಟ್ಟು ಹಾರಿಸ್ಬೇಡಿ, ಒಬ್ಬ ಸಾಧಾರಣ ಕಾನ್‌ಸ್ಟೇಬಲ್ ಯಾಕೆ ವೇಷ ಹಾಕ್ತಾನೆ ಅನ್ನೋದನ್ನ ಅಷ್ಟು ಪ್ರಾಮಾಣಿಕವಾಗಿ ಬೇರೆಲ್ಲೂ ನಾನು ಓದಿಲ್ಲ. ಅದೇ ಪುಸ್ತಕದಲ್ಲಿ 1977ರಲ್ಲಿ ಪೊಲೀಸರೇ ಮುಖವಾಡದವರ ವಿರುದ್ಧ ಮುಷ್ಕರ ಹೂಡ್ತಾರೆ, ಸರ್ಕಾರ ಮುಖವಾಡದವರನ್ನ ನಿಷೇಧಿಸೋ ಕಾನೂನು ತರುತ್ತೆ. ಯೂನಿಫಾರ್ಮಿನವರ ಕಡೆಯ ವಾದನೂ ಕಥೆ ಒಳಗೇ ಇದೆ ಅನ್ನೋದು ಅದರ ದೊಡ್ಡ ಗುಣ.

ಕೊನೇದಾಗಿ ಬ್ರಿಟನ್ನಿನ ಜಡ್ಜ್ ಡ್ರೆಡ್. ಜಾನ್ ವ್ಯಾಗ್ನರ್ ಮತ್ತು ಕಾರ್ಲೋಸ್ ಎಸ್‌ಕೆರಾ ಸೃಷ್ಟಿ, 1977ರ ಮಾರ್ಚಲ್ಲಿ ‘2000 ಎಡಿ’ ವಾರಪತ್ರಿಕೆಯ ಎರಡನೇ ಸಂಚಿಕೆಲಿ ಮೊದಲು ಬಂದ. ಇಲ್ಲಿ ಲೆಕ್ಕ ಪೂರ್ತಿ ತಿರುಗಾ ಮುರುಗಾ. ಅವನ ಹೆಸರು ಎದೆ ಮೇಲೆ ದೊಡ್ಡದಾಗಿ ಬರೆದಿದೆ, ಮುಖ ಮಾತ್ರ ಇಷ್ಟು ದಶಕದಲ್ಲಿ ಯಾವತ್ತೂ ಪೂರ್ತಿ ತೋರಿಸಿಲ್ಲ, ಹೆಲ್ಮೆಟ್ಟೇ ಅವನ ಮುಖ. ಹಿಡಿಯೋನೂ ಅವನೇ, ತೀರ್ಪು ಕೊಡೋನೂ ಅವನೇ, ಬೇಕಾದ್ರೆ ಅಲ್ಲೇ ಕೊಲ್ಲೋನೂ ಅವನೇ, ಅದೆಲ್ಲ ಅವನಿರೋ ಭವಿಷ್ಯದ ಊರಲ್ಲಿ ಕಾನೂನುಬದ್ಧ. ಅಂದ್ರೆ ಮುಖವಾಡದ ಪೊಲೀಸ್ ಆಸೆಪಡೋದನ್ನೆಲ್ಲ ಕಾನೂನೇ ಕೊಟ್ಟುಬಿಟ್ರೆ ಊರು ಹೇಗಿರುತ್ತೆ ಅಂತ ನೋಡ್ಬೇಕಿದ್ರೆ ಡ್ರೆಡ್ ಓದಿ. ಕಥೆಗಳು ಸಾವಿರಾರು ಇವೆ, ಎಲ್ಲಿಂದ ಶುರು ಮಾಡೋದು ಅಂತ ತಲೆ ಕೆಡಿಸ್ಕೊಳ್ಬೇಡಿ, ವ್ಯಾಗ್ನರ್ ಬರೆದು ಕಾಲಿನ್ ಮೆಕ್‌ನೀಲ್ ಬಣ್ಣದಲ್ಲಿ ಚಿತ್ರಿಸಿದ, 1990ರಲ್ಲಿ ಬಂದ ‘ಅಮೆರಿಕ’ ಅನ್ನೋ ಕಥೆ ತಗೊಳ್ಳಿ. ಅದರಲ್ಲಿ ನಾಯಕಿ ಡ್ರೆಡ್‌ನ ಎದುರು ಬಣದವಳು, ಪ್ರಜಾಪ್ರಭುತ್ವ ಬೇಕು ಅಂತ ಹೋರಾಡೋ ಹೆಣ್ಣು, ಹೆಸರು ಅಮೆರಿಕ. ಹಿಂದಿನ ಕಥೆ ಏನೂ ಗೊತ್ತಿಲ್ಲದೇನೂ ಅರ್ಥ ಆಗುತ್ತೆ. ಅದನ್ನ ಮಾತ್ರ ನಿಮ್ಮ ತಂದೆಯವರ ಜೊತೆ ಕೂತು ಓದಿ, ಮುಗಿದ್ಮೇಲೆ ಅವ್ರು ಏನಂದ್ರು ಅಂತ ನನಗೆ ಬರೀರಿ.